ಆರು ತಿಂಗಳು, ಮೂಡಿಗೆರೆ ರಸ್ತೆ, ಒಂದು ಮೊಬೈಲ್ ಹೋಲ್ಡರ್

ಚಿಕ್ಕಮಗಳೂರಿಂದ ಮೂಡಿಗೆರೆಗೆ ದಿನಾ ಕಾರಲ್ಲಿ ಓಡಾಡುತ್ತೇನೆ. ಹೋಗೋಕೆ ಸುಮಾರು 30 ಕಿಲೋಮೀಟರ್, ಬರೋಕೆ ಅಷ್ಟೇ. ಹಳೇ ವ್ಯಾಗನ್‌ಆರ್. ಮೊದಲು ಫೋನನ್ನು ಗೇರ್ ಪಕ್ಕದ ಗುಂಡಿಯಲ್ಲಿ ಇಡುತ್ತಿದ್ದೆ. ತಿರುವು ಬಂದಾಗ ಅದು ಜಾರಿ ಸೀಟಿನ ಸಂದಿಗೆ ಬೀಳೋದು, ನಾನು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ತಡಕಾಡೋದು. ಒಂದು ಸಲ ಬ್ರೇಕ್ ಪೆಡಲ್ ಹತ್ತಿರಕ್ಕೇ ಹೋಗಿ ಬಿದ್ದಿತ್ತು. ಅವತ್ತೇ ತೀರ್ಮಾನ ಮಾಡಿ ಐ.ಜಿ. ರೋಡಿನ ಅಂಗಡಿಯೊಂದರಲ್ಲಿ 450 ರೂಪಾಯಿ ಕೊಟ್ಟು ಎಸಿ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ತಗೊಂಡೆ. ಮಳೆಗಾಲದ ಕೊನೆಗೆ ತಗೊಂಡಿದ್ದು, ಈಗ ಕಾಫಿ ಹೂ ಅರಳಿಸುವ ಹೂಮಳೆ ಬಂತು, ಆರು ತಿಂಗಳಾಯಿತು.

ಮೊದಲು ವಸ್ತುವಿನ ಬಗ್ಗೆ ಹೇಳಿಬಿಡುತ್ತೇನೆ. ಹಿಡಿತ ಗಟ್ಟಿ ಇದೆ. ಎರಡು ಪಕ್ಕ, ಕೆಳಗೊಂದು, ಒಟ್ಟು ಮೂರು ಕಡೆ ರಬ್ಬರ್ ಹಚ್ಚಿದ ಹಿಡಿಕೆ. ಗುಂಡಿ ಬಿದ್ದ ರಸ್ತೆಯಲ್ಲಿ ಎಷ್ಟು ಕುಲುಕಿದರೂ ಇವತ್ತಿನವರೆಗೆ ಫೋನ್ ಕೆಳಗೆ ಬಿದ್ದಿಲ್ಲ. ಹಿಂದಿನ ತಿರುಪು ಮಾತ್ರ ತಿಂಗಳಿಗೊಮ್ಮೆ ಸಡಿಲ ಆಗುತ್ತದೆ, ಬಿಗಿ ಮಾಡಬೇಕು, ಇಲ್ಲದಿದ್ದರೆ ಫೋನ್ ತಲೆ ಬಗ್ಗಿಸಿಕೊಂಡು ನಿಲ್ಲುತ್ತದೆ. ಗಾಜಿಗೆ ಅಂಟಿಸುವ ಬೇರೆ ಥರದ್ದೂ ಅಂಗಡಿಯಲ್ಲಿತ್ತು. ಅದು ನನಗೆ ಬೇಡ ಅನ್ನಿಸಿತು. ನಮ್ಮ ಕಡೆ ಅಷ್ಟು ತಿರುವು ಇರುವಾಗ ಮುಂದಿನ ಗಾಜಿನಲ್ಲಿ ಅಂಗೈ ಅಗಲದ ಜಾಗ ಮುಚ್ಚಿದರೂ ಎದುರು ಬರುವ ಬೈಕ್ ಅದರ ಹಿಂದೆ ಮರೆಯಾಗಿಬಿಡಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋಲ್ಡರ್ ಬಂದ ಮೇಲೆ ನಾನು ಫೋನನ್ನು ಮುಟ್ಟುವುದು ಕಮ್ಮಿ ಆಯಿತು, ಆದರೆ ನೋಡುವುದು ಜಾಸ್ತಿ ಆಯಿತು. ಸೀಟಿನ ಸಂದಿಯಲ್ಲಿ ಬಿದ್ದಿದ್ದಾಗ ಮೆಸೇಜ್ ಬಂದರೆ ಸದ್ದು ಮಾತ್ರ ಕೇಳುತ್ತಿತ್ತು. ಈಗ ಬೆಳಕು ಕಣ್ಣೆದುರೇ ಮಿನುಗುತ್ತದೆ. ಕೈ ಸ್ಟೇರಿಂಗ್ ಮೇಲೇ ಇದೆ ಅಲ್ವಾ, ಇನ್ನೇನು ತೊಂದರೆ ಅಂತ ಮನಸ್ಸಿಗೆ ಒಂದು ಧೈರ್ಯ ಬಂದುಬಿಡುತ್ತದೆ.

ಡಿಸೆಂಬರ್ ಕೊನೆ, ಕಾಫಿ ಹಣ್ಣಿನ ಕೊಯ್ಲು ಜೋರಾಗಿದ್ದ ಸಮಯ. ಬೆಳಗ್ಗೆ ಎಂಟು ಗಂಟೆ, ಮಂಜು ಇನ್ನೂ ಪೂರ್ತಿ ಹೋಗಿರಲಿಲ್ಲ, ಹಾಗಾಗಿ ನಲವತ್ತರಲ್ಲೇ ಹೋಗುತ್ತಿದ್ದೆ. ಭಾವನ ಮೆಸೇಜ್ ಬಂತು, ಕಾಫಿ ರೇಟು. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಎಷ್ಟು, ರೊಬಸ್ಟಾ ಚೆರ್ರಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಎಷ್ಟು, 50 ಕೆಜಿ ಮೂಟೆ ಲೆಕ್ಕ. ಎರಡೇ ಸಾಲು. ಓದಿದೆ. ತಲೆ ಎತ್ತಿದರೆ ರಸ್ತೆ ಅಂಚಲ್ಲಿ ಪಿಕಪ್ ನಿಂತಿದೆ, ಹಿಂದಿನಿಂದ ಕೊಯ್ಲಿನ ಹೆಂಗಸರು ಇಳಿಯುತ್ತಿದ್ದಾರೆ. ಒಬ್ಬರು ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಾ ಟಾರಿನ ಮೇಲೇ ನಿಂತಿದ್ದಾರೆ. ಬ್ರೇಕ್ ಒತ್ತಿದೆ. ಕಾರು ಅವರಿಂದ ಎರಡು ಮಾರು ದೂರದಲ್ಲಿ ನಿಂತಿತು. ಅವರು ಬೈಯಲಿಲ್ಲ. "ನೋಡ್ಕೊಂಡು ಬಾರಣ್ಣ, ಮಕ್ಕಳು ಮರಿ ಇದ್ದಾವೆ" ಅಂದರು ಅಷ್ಟೇ. ಮೂಡಿಗೆರೆ ತಲುಪುವವರೆಗೂ ನನ್ನ ಕೈ ನಡುಗುತ್ತಿತ್ತು.

ಸಂಜೆ ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಆ ಎರಡು ಸಾಲು ಓದಲು ಮೂರು ಸೆಕೆಂಡ್ ಹಿಡಿದಿರಬೇಕು. ಅಂದರೆ 33 ಮೀಟರ್. ನಮ್ಮ ಕೆಂಪು ಬಸ್ಸು ಮೂರನ್ನು ಸಾಲಾಗಿ ನಿಲ್ಲಿಸಿದರೆ ಹತ್ತಿರ ಹತ್ತಿರ ಅಷ್ಟು ಉದ್ದ. ಅಷ್ಟು ದೂರ ನಾನು ಕಣ್ಣು ಮುಚ್ಚಿ ಕಾರು ಓಡಿಸಿದ್ದೇನೆ, ಅದೂ ಮಂಜಿನಲ್ಲಿ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿ ಪ್ರಕಾರ ಗಾಡಿ ಓಡಿಸುವಾಗ ಫೋನ್ ಬಳಸಬಹುದಾದದ್ದು ದಾರಿ ನೋಡಲು ಮಾತ್ರ, ಅದೂ ಓಡಿಸುವವರ ಗಮನ ಕೆಡದ ಹಾಗೆ. ಬ್ಲೂಟೂತ್ ಇದ್ದರೆ ಪರವಾಗಿಲ್ಲ ಅಂತ ನನಗೂ ಅನ್ನಿಸಿತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬೇರೆ. ಫೋನ್ ಬಳಸುತ್ತಾ ಓಡಿಸುವವರಿಗೆ ಅಪಘಾತದ ಸಾಧ್ಯತೆ ಸುಮಾರು 4 ಪಟ್ಟು ಜಾಸ್ತಿ, ಹ್ಯಾಂಡ್ಸ್‌ಫ್ರೀ ಆದರೂ ಅಪಾಯ ಅಷ್ಟೇನೂ ಕಮ್ಮಿ ಆಗುವುದಿಲ್ಲ ಅಂತ. ಯೋಚಿಸಿದರೆ ನಿಜವೇ. ಫೋನಲ್ಲಿ ಜಗಳವೋ ಲೆಕ್ಕಾಚಾರವೋ ನಡೆಯುತ್ತಿದ್ದರೆ ಕಣ್ಣು ರಸ್ತೆ ಮೇಲಿದ್ದರೂ ಮನಸ್ಸು ಅಲ್ಲಿರಲ್ಲ. ಪಕ್ಕದಲ್ಲಿ ಕೂತವರಾದರೆ ತಿರುವು ಕಂಡ ಕೂಡಲೇ ಮಾತು ನಿಲ್ಲಿಸುತ್ತಾರೆ. ಫೋನಿನ ಆ ಕಡೆ ಇರುವವರಿಗೆ ನಮ್ಮ ಎದುರು ಲಾರಿ ಬರುತ್ತಿರುವುದು ಗೊತ್ತೇ ಆಗಲ್ಲ.

ಈಗ ನಾನು ಹೋಲ್ಡರ್ ಬಳಸುವ ರೀತಿ ಬದಲಾಗಿದೆ. ಗೊತ್ತಿರುವ ದಾರಿ ಆದರೆ ಫೋನ್ ಅದರಲ್ಲಿ ಇಡುವುದೇ ಇಲ್ಲ, ಮುಂದಿನ ಡ್ರಾಯರ್ ಒಳಗೆ ಹಾಕಿ ಮುಚ್ಚುತ್ತೇನೆ. ಗೊತ್ತಿಲ್ಲದ ಊರಿಗೆ ಹೊರಟರೆ ಮನೆ ಮುಂದೆಯೇ ಮ್ಯಾಪ್ ಹಾಕಿ, ಡ್ರೈವಿಂಗ್ ಮೋಡ್ ಆನ್ ಮಾಡಿ ಮೆಸೇಜ್ ಎಲ್ಲ ನಿಲ್ಲಿಸಿ, ಧ್ವನಿ ಜೋರು ಮಾಡಿಕೊಂಡು ಹೊರಡುತ್ತೇನೆ. ತೋಟದ ದಾರಿಗಳಲ್ಲಿ ನೆಟ್‌ವರ್ಕ್ ಸಿಗಲ್ಲ, ಅದಕ್ಕೆ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ದಾರಿ ತಪ್ಪಿತು ಅಂತ ಅನ್ನಿಸಿದರೆ ಗಾಡಿ ಪಕ್ಕಕ್ಕೆ ಹಾಕಿ ನೋಡಿ, ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ. ಮಗಳು ಜೊತೆಗಿದ್ದರೆ ಫೋನ್ ಅವಳ ಕೈಲಿ. "ಅಪ್ಪ, ನೀನು ರಸ್ತೆ ನೋಡು, ಮೆಸೇಜ್ ನಾನು ಓದ್ತೀನಿ" ಅನ್ನುತ್ತಾಳೆ. ಭಾವನಿಗೂ ಹೇಳಿದ್ದೇನೆ, ಎಂಟರಿಂದ ಒಂಬತ್ತರವರೆಗೆ ನನಗೆ ಏನೂ ಕಳಿಸಬೇಡಿ, ರೇಟು ಒಂದು ಗಂಟೆ ತಡವಾಗಿ ಗೊತ್ತಾದರೆ ಏನೂ ಆಗಲ್ಲ ಅಂತ.

ಒಂದು ವಿನಂತಿ, ಶನಿವಾರ ಭಾನುವಾರ ಮುಳ್ಳಯ್ಯನಗಿರಿಗೆ ಬರುವವರಿಗೆ. ಕೈಮರ ದಾಟಿ ಸೀತಾಳಯ್ಯನಗಿರಿ ಕಡೆ ಹತ್ತುವಾಗ ಒಂದು ಕೈಯನ್ನು ಕಿಟಕಿಯಿಂದ ಆಚೆ ಚಾಚಿ ವಿಡಿಯೋ ಮಾಡುತ್ತಾ ಓಡಿಸುವವರನ್ನು ತುಂಬ ಸಲ ನೋಡಿದ್ದೇನೆ. ಆ ರಸ್ತೆ ಕಿರಿದು, ಒಂದು ಕಡೆ ಪ್ರಪಾತ. ಘಾಟಿಯಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಇಳಿಯುವವರ ಎರಡು ಕೈಯೂ ಸ್ಟೇರಿಂಗ್ ಮೇಲಿದ್ದರೆ ಮಾತ್ರ ಅದು ಆಗುವ ಕೆಲಸ. ವಿಡಿಯೋ ಬೇಕಿದ್ದರೆ ಹಿಂದೆ ಕೂತವರ ಕೈಗೆ ಫೋನ್ ಕೊಡಿ.

ಹೋಲ್ಡರ್‌ಗೆ ನಾನು 5ಕ್ಕೆ 3 ಕೊಡುತ್ತೇನೆ. ಒಂದು ಅಂಕ ಆ ಸಡಿಲವಾಗುವ ತಿರುಪಿಗೆ ಕಳೆದೆ. ಇನ್ನೊಂದು, ಪೊಟ್ಟಣದ ಮೇಲೆ ಫೋನಲ್ಲಿ ಮಾತಾಡುತ್ತಾ ನಗುತ್ತಾ ಕಾರು ಓಡಿಸುವವನ ಚಿತ್ರ ಹಾಕಿದ್ದಕ್ಕೆ. ತಗೊಳ್ಳುವವರು ಅಂಗಡಿಯಲ್ಲೇ ನಿಮ್ಮ ಫೋನನ್ನು ಕವರ್ ಸಮೇತ ಸಿಕ್ಕಿಸಿ ಜೋರಾಗಿ ಅಲ್ಲಾಡಿಸಿ ನೋಡಿ. ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಬಿಸಿ ಗಾಳಿ ಹಾಕುವವರಾದರೆ ಆ ಕಿಂಡಿಯನ್ನು ಮುಚ್ಚಿ, ಇಲ್ಲದಿದ್ದರೆ ಫೋನ್ ಕಾದುಹೋಗುತ್ತದೆ.