ಮೆನು ತೆರೆಯಿತು, ಪುಟ ತೆರೆಯಲಿಲ್ಲ: ಸ್ವಿಫ್ಟ್‌ಯುಐ ಕುರಿತು ಒಂದು ವಿಮರ್ಶೆ

ನಮ್ಮ ಮನೆಯ ಕಪಾಟುಗಳಲ್ಲಿ ಸುಮಾರು 700 ಪುಸ್ತಕಗಳಿವೆ. ಅವುಗಳಲ್ಲಿ ಮೂವತ್ತು ನಲವತ್ತು ಯಾವಾಗಲೂ ಬೇರೆಯವರ ಮನೆಯಲ್ಲಿರುತ್ತವೆ. ಯಾರು ಯಾವುದನ್ನು ಒಯ್ದರು ಎಂಬ ಲೆಕ್ಕ ಇಡಲು ಐಫೋನಿನಲ್ಲಿ ಒಂದು ಪುಟ್ಟ ಆ್ಯಪ್ ಮಾಡಿಕೊಂಡೆ, ಅದನ್ನು ಆ್ಯಪಿನ ತೆರೆಗಳನ್ನು ಕಟ್ಟಲು ಆಪಲ್ ಸಂಸ್ಥೆ ಕೊಡುವ ಸ್ವಿಫ್ಟ್‌ಯುಐ ಬಳಸಿ ಬರೆದೆ. ಪಟ್ಟಿಯಲ್ಲಿ ಪುಸ್ತಕದ ಸಾಲನ್ನು ಒತ್ತಿ ಹಿಡಿದರೆ ‘ಯಾರ ಬಳಿ ಇದೆ’, ‘ತಿದ್ದು’, ‘ಅಳಿಸು’ ಎಂಬ ಮೂರು ಆಯ್ಕೆಗಳ ಮೆನು ಬರಬೇಕು, ಮೊದಲನೆಯದನ್ನು ಮುಟ್ಟಿದರೆ ಆ ಪುಸ್ತಕದ ಎರವಲಿನ ಪುಟ ತೆರೆಯಬೇಕು ಎಂಬುದಷ್ಟೇ ನನ್ನ ಬಯಕೆಯಾಗಿತ್ತು. ಮೆನು ಚೆಂದವಾಗಿಯೇ ಬಂದಿತು. ‘ಯಾರ ಬಳಿ ಇದೆ’ ಎಂಬುದನ್ನು ಮುಟ್ಟಿದೆ. ಮೆನು ಮುಚ್ಚಿಕೊಂಡಿತು, ಪಟ್ಟಿ ಇದ್ದಲ್ಲೇ ಇತ್ತು. ಆ್ಯಪ್ ಕುಸಿಯಲಿಲ್ಲ, ದೋಷದ ಸಂದೇಶಗಳು ಅಚ್ಚಾಗುವ ಕನ್ಸೋಲ್‌ನಲ್ಲಿ ಕೆಂಪು ಅಕ್ಷರವೂ ಇಲ್ಲ. ತಪ್ಪು ನನ್ನದೇ ಎಂದು ತಿಳಿಯಲು ನಾಲ್ಕು ಸಂಜೆಗಳು ಹಿಡಿದವು. ಇಡೀ ಸ್ವಿಫ್ಟ್‌ಯುಐಯನ್ನು ಅಳೆಯುವ ಉದ್ದೇಶ ನನಗಿಲ್ಲ. ಅದರ ಕಾಂಟೆಕ್ಸ್ಟ್ ಮೆನು (ಒತ್ತಿ ಹಿಡಿದಾಗ ಬರುವ ಮೆನು) ಮತ್ತು ನ್ಯಾವಿಗೇಷನ್ (ಪುಟದಿಂದ ಪುಟಕ್ಕೆ ಹೋಗುವ ವ್ಯವಸ್ಥೆ) ಎಂಬ ಎರಡು ಮೂಲೆಗಳನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇನೆ.

ಸ್ವಿಫ್ಟ್‌ಯುಐ 2019ರ ಜೂನ್‌ನಲ್ಲಿ ಐಫೋನಿನ ಕಾರ್ಯಾಚರಣ ವ್ಯವಸ್ಥೆಯಾದ ಐಒಎಸ್‌ನ 13ನೇ ಆವೃತ್ತಿಯ ಜೊತೆಗೆ ಪ್ರಕಟವಾಯಿತು. ಇದು ಡಿಕ್ಲರೇಟಿವ್ ಶೈಲಿಯದು: ಗುಂಡಿಯನ್ನು ಇಲ್ಲಿ ಇಡು, ಒತ್ತಿದಾಗ ಆ ಪುಟವನ್ನು ತಂದು ಮೇಲೆ ಹೊದಿಸು ಎಂದು ಒಂದೊಂದಾಗಿ ಅಪ್ಪಣೆ ಕೊಡುವುದಿಲ್ಲ, ಮಾಹಿತಿ ಹೀಗಿದ್ದರೆ ತೆರೆ ಹೀಗಿರಬೇಕು ಎಂದು ಬರೆದಿಟ್ಟರೆ, ಮಾಹಿತಿ ಬದಲಾದಾಗಲೆಲ್ಲ ತೆರೆಯನ್ನು ಅದೇ ಸರಿಪಡಿಸಿಕೊಳ್ಳುತ್ತದೆ. ಒತ್ತಿ ಹಿಡಿಯುವ ಮೆನುವಿಗೆ ಒಂದು ಮಾಡಿಫೈಯರ್ (ತೆರೆಯ ಭಾಗಕ್ಕೆ ಗುಣವೊಂದನ್ನು ಸೇರಿಸುವ ಕೋಡು) ಸಾಕು, ನಾಲ್ಕೈದು ಸಾಲಿನ ಕೆಲಸ. ಈ ಸುಲಭತೆ ನಿಜವಾದದ್ದೇ. ಆದರೆ ಬರೆದ ಸಾಲುಗಳು ಸರಿಯಿದ್ದೂ ಅವು ಇರುವ ಜಾಗ ತಪ್ಪಿದರೆ ಕೆಲಸ ಕೆಡುತ್ತದೆ, ಮತ್ತು ಜಾಗ ತಪ್ಪಿದೆ ಎಂದು ಹೇಳುವವರು ಹೆಚ್ಚಿನ ಸಲ ಯಾರೂ ಇರುವುದಿಲ್ಲ. ನಾನು ಎದುರಿಸಿದ ತೊಡಕುಗಳೆಲ್ಲವೂ ಕೊನೆಗೆ ಇದೇ ಜಾಗದ ಪ್ರಶ್ನೆಗೆ ಬಂದು ನಿಂತವು.

ಮೊದಲ ತೊಡಕನ್ನೇ ನೋಡೋಣ. ಪಟ್ಟಿಯ ಸಾಲಿನಲ್ಲಿ ಪುಟ ತೆರೆಯಲು ನ್ಯಾವಿಗೇಷನ್ ಲಿಂಕ್ ಬಳಸುತ್ತೇವಲ್ಲ, ಅದನ್ನೇ ಮೆನುವಿನೊಳಗೂ ಇಟ್ಟಿದ್ದೆ. ಮೆನುವಿನೊಳಗೆ ನಾವು ಬರೆಯುವುದು ನೋಟಕ್ಕೆ ಉಳಿದ ಕೋಡಿನಂತೆಯೇ ಇರುತ್ತದೆ. ಆದರೆ ಅದು ನಮ್ಮ ಪಟ್ಟಿಯ ಭಾಗವಾಗಿ ತೆರೆಯ ಮೇಲೆ ಬರುವುದಿಲ್ಲ. ಐಫೋನ್ ಅದರಿಂದ ಶೀರ್ಷಿಕೆ, ಚಿತ್ರ, ಗುಂಡಿಯ ಕೆಲಸ, ‘ಇದು ಅಳಿಸುವ ಗುಂಡಿ’ ಎಂಬಂಥ ಗುರುತು ಇಷ್ಟನ್ನು ಹೆಕ್ಕಿಕೊಂಡು ತನ್ನದೇ ಆದ ಮೆನುವನ್ನು ಕಟ್ಟುತ್ತದೆ. ಅಕ್ಷರದ ಅಳತೆ, ಹಿನ್ನೆಲೆಯ ಬಣ್ಣ, ಅಂಚಿನ ಜಾಗ ಇವೆಲ್ಲ ದಾರಿಯಲ್ಲೇ ಉದುರಿಹೋಗುತ್ತವೆ. ನಾನು ಆಗ ಬಳಸುತ್ತಿದ್ದ ಹಳೆಯ ನ್ಯಾವಿಗೇಷನ್ ವ್ಯೂನಲ್ಲಿ, ಮೆನುವಿನೊಳಗಿನ ಲಿಂಕಿಗೂ ಪಟ್ಟಿಯ ನ್ಯಾವಿಗೇಷನ್‌ಗೂ ನಂಟೇ ಇರಲಿಲ್ಲ. ಮೆನುವಿನ ಗುಂಡಿಗೆ ಶೀಟ್ (ಕೆಳಗಿನಿಂದ ಮೇಲೇರಿ ಬರುವ ಪುಟ) ಅಥವಾ ಅಲರ್ಟ್ (ಎಚ್ಚರಿಕೆಯ ಪೆಟ್ಟಿಗೆ) ಅಂಟಿಸಿದರೂ ಇದೇ ಗತಿ: ಮೆನು ಮುಚ್ಚಿದೊಡನೆ ಅದನ್ನು ಹೊತ್ತಿದ್ದ ಗುಂಡಿಯೂ ಮಾಯವಾಗುತ್ತದೆ, ಶೀಟ್ ಹೊರಬರಲು ನೆಲೆಯೇ ಉಳಿಯುವುದಿಲ್ಲ.

ಪರಿಹಾರ ಸರಳವಾಗಿದೆ. ಮೆನುವಿನ ಗುಂಡಿ ಬರೀ ಗುಂಡಿಯಾಗಿರಬೇಕು. ಒತ್ತಿದಾಗ ಅದು ಹೊರಗಿರುವ ಒಂದು ಸ್ಟೇಟ್ (ತೆರೆ ಗಮನಿಸುತ್ತಿರುವ ಮಾಹಿತಿ) ಬದಲಿಸಬೇಕು, ಬೇರೇನನ್ನೂ ಮಾಡಬಾರದು. ಪುಟ ತೆರೆಯಬೇಕಾದರೆ ಹೊಸ ನ್ಯಾವಿಗೇಷನ್ ಸ್ಟ್ಯಾಕ್‌ನ ಪಾಥ್‌ಗೆ (ತೆರೆದ ಪುಟಗಳ ಸರಣಿಗೆ) ಒಂದು ಮೌಲ್ಯವನ್ನು ಸೇರಿಸಬೇಕು. ಶೀಟ್ ಬರಬೇಕಾದರೆ ‘ಈಗ ತಿದ್ದುತ್ತಿರುವ ಪುಸ್ತಕ’ ಎಂಬ ಆಪ್ಷನಲ್ (ಖಾಲಿಯೂ ಇರಬಹುದಾದ) ಚರದಲ್ಲಿ ಪುಸ್ತಕವನ್ನು ಇಡಬೇಕು, ಶೀಟನ್ನು ಮಾತ್ರ ಪಟ್ಟಿಯ ಹೊರಗೆ ಒಂದೇ ಕಡೆ ಅಂಟಿಸಬೇಕು.

‘ಒಂದೇ ಕಡೆ’ ಎಂಬ ಮಾತನ್ನು ಕಲಿತದ್ದು ಸ್ವಲ್ಪ ನಾಚಿಕೆಯ ಪ್ರಸಂಗದಿಂದ. ‘ಅಳಿಸು’ ಒತ್ತಿದಾಗ ಖಚಿತಪಡಿಸುವ ಡೈಲಾಗ್ ಬರಲಿ ಎಂದು ಅದನ್ನು ಪ್ರತಿ ಸಾಲಿಗೂ ಅಂಟಿಸಿದ್ದೆ, ಎಲ್ಲ ಸಾಲುಗಳಿಗೂ ಹೌದು–ಅಲ್ಲ ಎಂಬ ಒಂದೇ ಚರವನ್ನು ಹಂಚಿದ್ದೆ. ಮಗಳ ವ್ಯಾಕರಣದ ಪುಸ್ತಕವನ್ನು ಅಳಿಸಲು ಹೋದರೆ ಡೈಲಾಗ್ ಬೇರೊಂದು ಅಡುಗೆ ಪುಸ್ತಕದ ಹೆಸರು ತೋರಿಸಿತು. ಹೆಸರು ಓದದೆ ಒತ್ತಿದ್ದರೆ ತಪ್ಪು ಪುಸ್ತಕವೇ ಹೋಗುತ್ತಿತ್ತು. ಚರ ನಿಜವಾದ ಕೂಡಲೇ ಎಲ್ಲ ಸಾಲುಗಳೂ ಡೈಲಾಗ್ ತೋರಿಸಲು ಮುಂದಾಗುತ್ತವೆ, ಅವುಗಳಲ್ಲಿ ಯಾವುದೋ ಒಂದು ಗೆಲ್ಲುತ್ತದೆ. ಐಒಎಸ್ 15ರಿಂದ ಕನ್ಫರ್ಮೇಷನ್ ಡೈಲಾಗ್‌ಗೆ ಯಾವ ವಸ್ತುವಿನ ಬಗ್ಗೆ ಕೇಳಬೇಕೋ ಅದನ್ನೇ ಒಪ್ಪಿಸುವ ಸೌಕರ್ಯವಿದೆ. ಅದನ್ನು ಬಿಟ್ಟು ಹೌದು–ಅಲ್ಲ ಚರವೊಂದನ್ನೇ ನೆಚ್ಚುವುದು ನನ್ನಂಥ ಅವಸರದವರ ಅಭ್ಯಾಸ.

ಇದಕ್ಕಿಂತ ಹೆಚ್ಚು ಕಾಡಿದ್ದು ಗುರುತಿನ ಸಮಸ್ಯೆ. ಪಟ್ಟಿಯ ಪ್ರತಿ ಸಾಲಿಗೂ ಸ್ಥಿರವಾದ ಐಡಿ ಇರಬೇಕೆಂದು ಸ್ವಿಫ್ಟ್‌ಯುಐ ಬಯಸುತ್ತದೆ, ಏಕೆಂದರೆ ತೆರೆಯನ್ನು ಮತ್ತೆ ಕಟ್ಟುವಾಗ ಹಳೆಯ ಸಾಲು ಯಾವುದು, ಹೊಸದು ಯಾವುದು ಎಂದು ಅದು ತೀರ್ಮಾನಿಸುವುದು ಈ ಐಡಿಯಿಂದಲೇ. ಪುಸ್ತಕಕ್ಕೆ ಅದರ ಮೇಲೆ ಅಚ್ಚಾಗಿರುವ ಐಎಸ್‌ಬಿಎನ್ ಸಂಖ್ಯೆಗಿಂತ ಒಳ್ಳೆಯ ಐಡಿ ಯಾವುದಿದೆ ಎಂದುಕೊಂಡೆ. ಕನ್ನಡ ಪುಸ್ತಕಗಳಿರುವ ಮನೆಯಲ್ಲಿ ಈ ಎಣಿಕೆ ಎಷ್ಟು ದಡ್ಡತನದ್ದು ಎಂಬುದು ಪಟ್ಟಿ ತೆರೆದಾಗ ಗೊತ್ತಾಯಿತು: ತಾತನ ಕಾಲದ ಪುಸ್ತಕಗಳಿಗೆ ಐಎಸ್‌ಬಿಎನ್ ಎಂಬುದೇ ಇಲ್ಲ. ಅವುಗಳಿಗೆಲ್ಲ ಖಾಲಿ ಅಕ್ಷರಮಾಲೆಯೇ ಐಡಿಯಾಗಿ, ನೂರಾರು ಸಾಲುಗಳು ಒಂದೇ ಹೆಸರು ಹೊತ್ತು ನಿಂತವು. ಒಂದನ್ನು ಒತ್ತಿ ಹಿಡಿದರೆ ಇನ್ನೊಂದರ ಮೆನು ಬಂದಂತೆ ತೋರುತ್ತಿತ್ತು. ಒಂದನ್ನು ಅಳಿಸಿದರೆ ಪಟ್ಟಿಯಲ್ಲಿ ಮತ್ತೊಂದು ಮರೆಯಾಗುತ್ತಿತ್ತು. ಇಲ್ಲಿ ಮಾತ್ರ ಕನ್ಸೋಲ್ ಬಾಯಿಬಿಟ್ಟಿತು: ಒಂದೇ ಐಡಿ ಹಲವು ಸಲ ಬಂದಿದೆ, ಫಲಿತಾಂಶಕ್ಕೆ ಖಾತ್ರಿಯಿಲ್ಲ ಎಂಬರ್ಥದ ಎಚ್ಚರಿಕೆ ಸಾಲುಸಾಲಾಗಿ ಅಚ್ಚಾಗಿತ್ತು.

ಗಾಬರಿಯಲ್ಲಿ ನಾನು ಮಾಡಿಕೊಂಡ ತಿದ್ದುಪಡಿ ಇನ್ನೂ ಕೆಟ್ಟದಾಗಿತ್ತು. ಐಡಿ ಕೇಳಿದಾಗಲೆಲ್ಲ ಹೊಸ ಯುಯುಐಡಿ (ಇನ್ನೊಂದಕ್ಕೆ ಹೊಂದದ ಗುರುತಿನ ಸಂಖ್ಯೆ) ಹುಟ್ಟಿಸಿ ಕೊಡುವ ಕಂಪ್ಯೂಟೆಡ್ ಪ್ರಾಪರ್ಟಿ ಬರೆದೆ. ಈಗ ಯಾವ ಎರಡು ಸಾಲುಗಳಿಗೂ ಒಂದೇ ಐಡಿ ಇರಲಿಲ್ಲ, ಆದರೆ ಒಂದೇ ಸಾಲಿಗೆ ಎರಡು ಕ್ಷಣ ಒಂದೇ ಐಡಿಯೂ ಇರಲಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ಒಂದಕ್ಷರ ಒತ್ತಿದರೆ ಇಡೀ ಪಟ್ಟಿ ಹೊಸದೆಂದು ಬಗೆದು ಎಲ್ಲ ಸಾಲುಗಳೂ ಮಿನುಗುತ್ತಿದ್ದವು. ಪುಸ್ತಕವನ್ನು ಮೊದಲ ಬಾರಿಗೆ ಸೇರಿಸುವಾಗ ಯುಯುಐಡಿ ಒಮ್ಮೆ ಹುಟ್ಟಿ, ಡೇಟಾಬೇಸಿನಲ್ಲಿ ಉಳಿದು, ಮುಂದೆಂದೂ ಬದಲಾಗದಂತೆ ಮಾಡಿದ ಮೇಲೆ ಈ ಕಾಟ ನಿಂತಿತು. ಡೆವಲಪರ್‌ಗಳಿಗಾಗಿ ಆಪಲ್ ನಡೆಸುವ ವಾರ್ಷಿಕ ಸಮಾವೇಶವಾದ ಡಬ್ಲ್ಯುಡಬ್ಲ್ಯುಡಿಸಿಯಲ್ಲಿ 2021ರಲ್ಲಿ ನಡೆದ ‘ಡಿಮಿಸ್ಟಿಫೈ ಸ್ವಿಫ್ಟ್‌ಯುಐ’ ಎಂಬ ಭಾಷಣ ಇದೇ ಗುರುತಿನ ವಿಷಯವನ್ನು ಬಿಡಿಸಿ ಹೇಳುತ್ತದೆ. ಕೆಲಸ ಶುರುಮಾಡುವ ಮೊದಲೇ ಅದನ್ನು ನೋಡಬೇಕಿತ್ತು.

ಇನ್ನು ನ್ಯಾವಿಗೇಷನ್. 2022ರಲ್ಲಿ ಐಒಎಸ್ 16ರ ಜೊತೆ ಬಂದ ನ್ಯಾವಿಗೇಷನ್ ಸ್ಟ್ಯಾಕ್ ಈ ಉತ್ಪನ್ನದ ಅತ್ಯುತ್ತಮ ಸುಧಾರಣೆ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಅದಕ್ಕೂ ಮೊದಲು ಲಿಂಕಿನೊಳಗೆ ಹೋಗಬೇಕಾದ ಪುಟವನ್ನೇ ಬರೆದಿಡುತ್ತಿದ್ದೆವು. ಹಾಗಾಗಿ ಯಾರೂ ಮುಟ್ಟದಿದ್ದರೂ ಕಣ್ಣಿಗೆ ಬೀಳುವ ಪ್ರತಿ ಸಾಲಿಗೆ ಸೇರಿದ ಪುಟದ ಇನಿಷಿಯಲೈಜರ್ (ಪುಟವನ್ನು ಸಿದ್ಧಪಡಿಸುವ ಕೋಡು) ಓಡುತ್ತಿತ್ತು. ನಾನು ಆ ಇನಿಷಿಯಲೈಜರ್‌ನಲ್ಲಿ ಡೇಟಾಬೇಸ್ ಓದುತ್ತಿದ್ದೆನಾದ್ದರಿಂದ ಪಟ್ಟಿ ಎತ್ತಿನಗಾಡಿಯಂತೆ ಸಾಗುತ್ತಿತ್ತು. ಹೊಸ ವಿಧಾನದಲ್ಲಿ ಲಿಂಕ್ ಒಂದು ಮೌಲ್ಯವನ್ನು ಮಾತ್ರ ಹೊತ್ತಿರುತ್ತದೆ. ಆ ಬಗೆಯ ಮೌಲ್ಯಕ್ಕೆ ಯಾವ ಪುಟ ಎಂಬುದನ್ನು ನ್ಯಾವಿಗೇಷನ್ ಡೆಸ್ಟಿನೇಷನ್ ಎಂಬ ಮಾಡಿಫೈಯರ್ ಬೇರೆಡೆ ಹೇಳುತ್ತದೆ. ಈ ಡೆಸ್ಟಿನೇಷನ್ನನ್ನು ಪಟ್ಟಿಯ ಸಾಲಿನೊಳಗೆ ಇಡಬಾರದು. ಪಟ್ಟಿ ಸೋಮಾರಿ, ತೆರೆಗೆ ಬರುವ ಸಾಲುಗಳನ್ನು ಮಾತ್ರ ಕಟ್ಟುತ್ತದೆ. ಕಟ್ಟದೆ ಉಳಿದ ಸಾಲಿನೊಳಗಿನ ಡೆಸ್ಟಿನೇಷನ್ ಸ್ಟ್ಯಾಕ್‌ಗೆ ಕಾಣುವುದಿಲ್ಲ. ಅದನ್ನು ಪಟ್ಟಿಯ ಹೊರಗೆ, ಸ್ಟ್ಯಾಕ್‌ನ ಒಳಗೆ ಇಡಬೇಕು. ಪಾಥ್‌ಗೆ ಸೇರಿಸಿದ ಮೌಲ್ಯಕ್ಕೆ ಹೊಂದುವ ಡೆಸ್ಟಿನೇಷನ್ ಸಿಗದಿದ್ದರೆ ತೆರೆಯ ನಡುವೆ ಹಳದಿ ತ್ರಿಕೋನದ ಎಚ್ಚರಿಕೆ ಚಿಹ್ನೆ ಕಾಣುತ್ತದೆ. ಮೌನಕ್ಕಿಂತ ಅದು ಎಷ್ಟೋ ವಾಸಿ.

ಪಾಥ್‌ನಲ್ಲಿ ಏನನ್ನು ಇಡಬೇಕು ಎಂಬುದೂ ಸಣ್ಣ ವಿಷಯವಲ್ಲ. ನಾನು ಮೊದಲು ಇಡೀ ಪುಸ್ತಕದ ಸ್ಟ್ರಕ್ಟನ್ನೇ (ಅದರ ಎಲ್ಲ ಮಾಹಿತಿಯ ಕಟ್ಟನ್ನೇ) ಸೇರಿಸಿದ್ದೆ. ಸ್ಟ್ರಕ್ಟ್ ಎಂದರೆ ನಕಲು. ಪುಟ ತೆರೆದ ಮೇಲೆ ಪುಸ್ತಕದ ಹೆಸರು ತಿದ್ದಿದರೆ ಪಟ್ಟಿಯಲ್ಲಿ ಹೊಸ ಹೆಸರು, ಪುಟದಲ್ಲಿ ಹಳೆಯ ಹೆಸರು. ಈಗ ಐಡಿಯನ್ನು ಮಾತ್ರ ಸೇರಿಸುತ್ತೇನೆ, ಪುಟವೇ ಆ ಐಡಿಯ ಪುಸ್ತಕವನ್ನು ಹುಡುಕಿಕೊಳ್ಳುತ್ತದೆ. ಪುಸ್ತಕ ಅಳಿಸಿಹೋಗಿದ್ದರೆ ಪಾಥ್‌ನಿಂದ ಅದರ ಐಡಿಯನ್ನೂ ತೆಗೆಯುವುದು ನಮ್ಮ ಹೊಣೆ. ಸ್ವಿಫ್ಟ್‌ಯುಐಗೆ ಅದು ತಿಳಿಯುವ ಮಾರ್ಗವಿಲ್ಲ. ಇನ್ನೊಂದು ಸಣ್ಣ ಸಲಹೆಯಿದೆ: ನ್ಯಾವಿಗೇಷನ್ ಪಾಥ್ ಎಂಬ ಸಿದ್ಧ ಬಗೆ ಬೇರೆ ಬೇರೆ ಬಗೆಯ ಮೌಲ್ಯಗಳನ್ನು ಒಟ್ಟಿಗೆ ನುಂಗಿಕೊಳ್ಳುತ್ತದೆ, ಆದರೆ ಒಳಗೇನಿದೆ ಎಂದು ನೋಡಲು ಬಿಡುವುದಿಲ್ಲ. ಒಂದೇ ಬಗೆಯ ಮೌಲ್ಯಗಳು ಸಾಕೆನ್ನುವ ಆ್ಯಪ್‌ಗೆ ಸಾದಾ ಅರೇ (ಮೌಲ್ಯಗಳ ಸರಣಿ) ಬಳಸಿದರೆ, ಬ್ರೇಕ್‌ಪಾಯಿಂಟ್ ಹಾಕಿ ಕೋಡನ್ನು ನಡುವೆ ನಿಲ್ಲಿಸಿದಾಗ ಬಳಕೆದಾರ ಎಷ್ಟು ಪುಟ ಒಳಗಿದ್ದಾನೆ ಎಂಬುದು ಕಣ್ಣೆದುರೇ ಇರುತ್ತದೆ.

ದೋಷ ಹುಡುಕುವ ಸಲಕರಣೆಗಳ ಬಗ್ಗೆ ನನ್ನ ಅಭಿಪ್ರಾಯ ಅರ್ಧಂಬರ್ಧ. ತೆರೆ ಹೇಗಿರಬೇಕೆಂದು ಬರೆಯುವ ‘ಬಾಡಿ’ ಎಂಬ ಭಾಗದ ಮೊದಲ ಸಾಲಿನಲ್ಲಿ ಅಂಡರ್‌ಸ್ಕೋರ್‌ನಿಂದ ಶುರುವಾಗುವ ‘ಪ್ರಿಂಟ್‌ಚೇಂಜಸ್’ ಕರೆದರೆ ಯಾವ ಚರ ಬದಲಾದ್ದರಿಂದ ಈ ತುಣುಕು ಮತ್ತೆ ಕಟ್ಟಲ್ಪಟ್ಟಿತು ಎಂದು ಅದು ಬರೆದು ತೋರಿಸುತ್ತದೆ; ಮಿನುಗುವ ಸಾಲುಗಳ ಗುಟ್ಟು ನನಗೆ ಸಿಕ್ಕಿದ್ದು ಇದರಿಂದಲೇ. ಆದರೆ ಬ್ರಾಕೆಟ್ ಒಂದು ತಪ್ಪಿದರೂ, ಈ ಎಕ್ಸ್‌ಪ್ರೆಶನ್ನಿನ ಬಗೆಯನ್ನು ಸಕಾಲದಲ್ಲಿ ಪತ್ತೆ ಮಾಡಲಾಗುತ್ತಿಲ್ಲ ಎಂದು ಕಂಪೈಲರ್ ಕೈಚೆಲ್ಲುವುದುಂಟು. ಆಗ ದೊಡ್ಡ ಬಾಡಿಯನ್ನು ಸಣ್ಣ ತುಣುಕುಗಳಾಗಿ ಒಡೆದು, ಒಂದೊಂದನ್ನೇ ಮರಳಿ ಸೇರಿಸುತ್ತ ಹೋಗಬೇಕು.

ಮೆನುವಿನ ಬಗ್ಗೆ ಕೋಡಿಗೆ ಸಂಬಂಧಿಸದ ದೂರು ನಮ್ಮ ಮನೆಯಿಂದಲೇ ಬಂದಿತು. ನನ್ನ ತಂದೆಯವರು ಈ ಆ್ಯಪನ್ನು ಒಂದು ತಿಂಗಳು ಬಳಸಿ, “ಅಲ್ಲಪ್ಪ, ಅಳಿಸೋದು ಹೇಗೆ, ಎಲ್ಲೂ ಗುಂಡಿನೇ ಇಲ್ಲವಲ್ಲ” ಎಂದು ಕೇಳಿದರು. ಒತ್ತಿ ಹಿಡಿಯಬೇಕೆಂದು ತೆರೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಈ ಮೆನುವಿನಲ್ಲಿರುವ ಕೆಲಸಗಳು ಬೇರೆ ದಾರಿಯಿಂದಲೂ ಸಿಗುವಂತಿರಬೇಕು ಎಂದು ಆಪಲ್‌ನ ವಿನ್ಯಾಸದ ಮಾರ್ಗಸೂಚಿಯೇ ಹೇಳುತ್ತದೆ. ನಾನು ಓದಿಯೂ ಪಾಲಿಸಿರಲಿಲ್ಲ. ಸಾಲಿನ ತುದಿಗೆ ಮೂರು ಚುಕ್ಕೆಯ ಗುಂಡಿಯೊಂದನ್ನು ಇಟ್ಟು, ಅದೇ ಆಯ್ಕೆಗಳನ್ನು ಅಲ್ಲಿಯೂ ಕೊಟ್ಟೆ. ಆಯ್ಕೆಗಳನ್ನು ಒಂದೇ ವ್ಯೂ ಆಗಿ ಬರೆದಿಟ್ಟರೆ ಎರಡೂ ಕಡೆ ಬಳಸಬಹುದು. ಈ ಸೌಲಭ್ಯಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಸಾಲಿನೊಳಗೆ ಎರಡು ಮೂರು ಗುಂಡಿಗಳನ್ನು ಇಡುವುದಾದರೆ ಮಾತ್ರ ಅವುಗಳಿಗೆ ಬಾರ್ಡರ್‌ಲೆಸ್ ಶೈಲಿ ಕೊಡುವುದನ್ನು ಮರೆಯಬಾರದು. ಇಲ್ಲದಿದ್ದರೆ ಸಾಲನ್ನು ಎಲ್ಲಿ ಮುಟ್ಟಿದರೂ ಎಲ್ಲ ಗುಂಡಿಗಳೂ ಒಟ್ಟಿಗೆ ಕೆಲಸ ಮಾಡುತ್ತವೆ.

ಆಂಡ್ರಾಯ್ಡ್‌ನಲ್ಲಿ ಇದೇ ಕೆಲಸಕ್ಕಿರುವ ಜೆಟ್‌ಪ್ಯಾಕ್ ಕಂಪೋಸ್ ಜೊತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಒತ್ತಿ ಹಿಡಿದದ್ದನ್ನು ಗುರುತಿಸುವುದು, ಮೆನು ತೆರೆದಿದೆಯೇ ಎಂಬ ಸ್ಟೇಟ್ ಇಟ್ಟುಕೊಳ್ಳುವುದು, ಡ್ರಾಪ್‌ಡೌನ್ ಮೆನು ತೋರಿಸುವುದು ಎಲ್ಲವನ್ನೂ ನಾವೇ ಬರೆಯಬೇಕು. ಬರವಣಿಗೆ ಹೆಚ್ಚು, ಆದರೆ ಕೆಟ್ಟದ್ದು ಎಲ್ಲಿ ಎಂಬುದು ನಮ್ಮ ಕೋಡಿನಲ್ಲೇ ಕಾಣುತ್ತದೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು: ಕಂಪೋಸ್ ಆ್ಯಪಿನ ಜೊತೆಗೇ ಫೋನಿಗೆ ಹೋಗುತ್ತದೆ, ಸ್ವಿಫ್ಟ್‌ಯುಐ ಐಒಎಸ್‌ನ ಒಳಗಿರುತ್ತದೆ. ಹಾಗಾಗಿ ಹೊಸ ಸೌಲಭ್ಯವೂ ದೋಷದ ಪರಿಹಾರವೂ ಐಒಎಸ್‌ನ ಹೊಸ ಆವೃತ್ತಿ ಹಾಕಿಕೊಂಡವರಿಗಷ್ಟೇ ದಕ್ಕುತ್ತವೆ.

ಐಒಎಸ್ 16 ಐಫೋನ್ 8 ಮತ್ತು ಅದರ ನಂತರದ ಫೋನುಗಳಲ್ಲಿ ಮಾತ್ರ ಓಡುತ್ತದೆ. ಅಂಥ ಫೋನುಗಳಿಗಷ್ಟೇ ಆ್ಯಪ್ ಮಾಡುವವರಿಗೆ ನಾನು ಸ್ವಿಫ್ಟ್‌ಯುಐಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಐದರಲ್ಲಿ ನಾಲ್ಕು ಅಂಕ. ಐಒಎಸ್ 15ಕ್ಕೂ ಬೇಕೆನ್ನುವವರಿಗೆ ನ್ಯಾವಿಗೇಷನ್ನಿನ ಮಟ್ಟಿಗೆ ಆಪಲ್‌ನದೇ ಹಳೆಯ ಸಲಕರಣೆಯಾದ ಯುಐಕಿಟ್ ಬಳಸಿ, ಒಳಗಿನ ಪುಟಗಳನ್ನು ಮಾತ್ರ ಸ್ವಿಫ್ಟ್‌ಯುಐನಲ್ಲಿ ಬರೆಯಿರಿ ಎನ್ನುತ್ತೇನೆ. ತಂದೆಯವರ ಕೈಯಲ್ಲಿರುವುದು ಐಫೋನ್ 7. ಅವರಿಗಾಗಿ ಆ್ಯಪಿನ ಹಳೆಯ ಆವೃತ್ತಿಯನ್ನು ಬೇರೆ ಬ್ರಾಂಚಿನಲ್ಲಿ (ಕೋಡಿನ ಪ್ರತ್ಯೇಕ ಕವಲಿನಲ್ಲಿ) ಹಾಗೆಯೇ ಉಳಿಸಿಕೊಂಡಿದ್ದೇನೆ. ಅದರಲ್ಲಿ ‘ಯಾರ ಬಳಿ ಇದೆ’ ಎಂಬುದು ಪುಟವಾಗಿ ತೆರೆಯುವುದಿಲ್ಲ, ಕೆಳಗಿನಿಂದ ಶೀಟ್ ಆಗಿ ಬರುತ್ತದೆ.