ಕಡಕ್ ರೊಟ್ಟಿ ಒಡೆಯದ ದಾರಿ: ಕೆಳಸೇತುವೆಯೋ, ಮೇಲ್ಸೇತುವೆಯೋ, ಗೇಟೋ?

ಕಲಬುರಗಿಯಲ್ಲಿ ಹಳಿಯ ಆಚೆ ಬಾಡಿಗೆ ಮನೆ ಹಿಡಿದು 2 ವರ್ಷವಾಯಿತು. ಹತ್ತಿರದಲ್ಲೇ ರೈಲ್ವೆ ಕೆಳಸೇತುವೆ ಇದೆ ಅಂತಲೇ ಒಪ್ಪಿಕೊಂಡೆ. ಇವತ್ತಿಗೂ ನನ್ನ ದಾರಿ ಅದೇ.

ಜೋಳದ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುವುದು ನನ್ನ ಕೆಲಸ. ದಿನಾ ಮುಂಜಾನೆ ಸ್ಕೂಟರ್ ಮೇಲೆ ಎರಡು ಡಬ್ಬ ಕಡಕ್ ರೊಟ್ಟಿ. ಮೇಲ್ಸೇತುವೆಯಲ್ಲಿ ಒಂದೊಂದು ಜಾಯಿಂಟ್‌ಗೂ ಒಂದು ಕುಲುಕು. ಅಂಗಡಿಯಲ್ಲಿ ಮುಚ್ಚಳ ತೆಗೆದರೆ ಮೇಲಿನ ರೊಟ್ಟಿಗಳು ಚೂರು ಚೂರು. ಅದನ್ನು ಯಾರು ತಗೋತಾರೆ? ಸುತ್ತೂ ಜಾಸ್ತಿ. ಹಳಿ ಮೇಲೆ 25,000 ವೋಲ್ಟ್ ತಂತಿ ಇದೆ, ಸೇತುವೆ ಅದನ್ನೂ ದಾಟಿ ಏರಬೇಕು. ಆ ಏರಿಗೆ ಎರಡೂ ಕಡೆ ಉದ್ದದ ರಸ್ತೆ ಬೇಕು. ಹಳಿಯ ಕೆಳಗಾದರೆ ಬೈಕ್, ಆಟೊ, ಕಾರು ನುಸುಳುವಷ್ಟು ಕಾಂಕ್ರೀಟ್ ಪೆಟ್ಟಿಗೆ ಇದ್ದರೆ ಸಾಕು. ಮೇ ಬಿಸಿಲಲ್ಲಿ ಆ ತುಸು ನೆರಳೂ ಹಿತ.

ಗೇಟ್ ನನಗೆ ಆಗಿಬರಲಿಲ್ಲ. ಇದು ಮುಂಬೈ–ಚೆನ್ನೈ ಮಾರ್ಗ, ಒಂದು ಗೂಡ್ಸ್ ಹೋಗುವಷ್ಟರಲ್ಲಿ ಇನ್ನೊಂದು ರೈಲು ಬಂದಿರುತ್ತದೆ.

ಕೆಳಸೇತುವೆಯ ಕಾಟ ಒಂದೇ, ನೀರು. ಹೋದ ಸೆಪ್ಟೆಂಬರ್‌ನಲ್ಲಿ ರಾತ್ರಿಯೆಲ್ಲ ಮಳೆ. ಮುಂಜಾನೆ ನೋಡಿದರೆ ಪಾದ ಮುಳುಗುವಷ್ಟೇ ನೀರು ಅನ್ನಿಸಿತು, ಇಳಿದೆ. ನಡುವೆ ಮೊಣಕಾಲು ಮಟ್ಟ ಇತ್ತು. ಸ್ಕೂಟರ್ ಬಂದ್ ಆಯಿತು. ಗಾಬರಿಯಲ್ಲಿ ಸ್ಟಾರ್ಟ್ ಬಟನ್ ಒತ್ತಿದೆ, ಮತ್ತೆ ಒತ್ತಿದೆ. ಹಾಗೆ ಮಾಡಲೇಬಾರದು. ಎಂಜಿನ್ ಒಳಗೆ ನೀರು ಹೊಕ್ಕರೆ ಅದು ಗಾಳಿಯ ಹಾಗೆ ಅದುಮಿದರೆ ಕುಗ್ಗುವುದಿಲ್ಲ, ಒಳಗಿನ ರಾಡ್ ಬಾಗಿಬಿಡುತ್ತದೆ. ನನ್ನದು ಏರ್ ಫಿಲ್ಟರ್, ಆಯಿಲ್ ಬದಲಿಸುವಷ್ಟರಲ್ಲಿ ಉಳಿಯಿತು. ಎರಡು ಡಬ್ಬ ರೊಟ್ಟಿ ಮಾತ್ರ ಮೆತ್ತಗಾಗಿ ಹೋಯಿತು. ಬೆಳಗಿನ ಜಾವ 3 ಗಂಟೆಗೆ ಎದ್ದು ತಟ್ಟಿದ್ದು, ಹೊಟ್ಟೆ ಉರಿಯಿತು.

ಅಲ್ಲಿ ನೀರಿಗೆ ಹೋಗಲು ಜಾಗವೇ ಇಲ್ಲ. ಎರಡೂ ಕಡೆಯಿಂದ ಇಳಿಜಾರು, ನಡುವೆ ತಗ್ಗು. ಪಕ್ಕದ ಚರಂಡಿ ಅದಕ್ಕಿಂತ ಮೇಲೆ. ಪಂಪ್ ಎತ್ತಿ ಹಾಕಿದರೆ ಉಂಟು, ಕರೆಂಟ್ ಹೋದರೆ ಅದೂ ನಿಂತಿತು. ಎರೆಮಣ್ಣಿನ ರಾಡಿ ನೀರು ಇಳಿಯುವ ಜಾಲರಿಯನ್ನು ಮುಚ್ಚಿಬಿಡುತ್ತದೆ. ಬೀದರ್‌ನ ಕರೇಜ್ ನೋಡಿದ್ದೀರಲ್ವಾ? ಬಹಮನಿ ಕಾಲದ, ನೆಲದಡಿಯ ನೀರಿನ ಸುರಂಗ. ಒಂದೇ ಕಡೆಗೆ ಸಣ್ಣ ಇಳಿಜಾರು ಕೊಟ್ಟಿದ್ದಾರೆ, ನೀರು ತಾನಾಗಿ ಹರಿದು ಬರುತ್ತದೆ. ಇಲ್ಲೂ ತಗ್ಗಿನ ನೀರನ್ನು ಇನ್ನೂ ಕೆಳಗಿನ ಹಳ್ಳಕ್ಕೆ ಪೈಪಿನಲ್ಲಿ ಬಿಡುವಂತಿದ್ದರೆ ಪಂಪಿನ ಹಂಗು ಇರುತ್ತಿರಲಿಲ್ಲ.

ಕಾರಿದ್ದವರು, ಮಳೆಯ ರಾತ್ರಿ ಓಡಾಡುವವರು ಮೇಲ್ಸೇತುವೆಗೇ ಹೋಗಿ. ಕೆಳಸೇತುವೆಯಿಂದ ನನಗೆ ಹೋಗಿ ಬರಲು 6 ಕಿಲೋಮೀಟರ್ ಉಳಿಯುತ್ತದೆ, ಆ ಪೆಟ್ರೋಲ್ ದುಡ್ಡು ನನ್ನ ಲಾಭದಲ್ಲೇ ಕಾಣುತ್ತದೆ. ಮಳೆ ಬಂದಾಗ ಅದರೊಳಗೆ ರಸ್ತೆಯಂಚಿನ ಜಾಲರಿ ಕಂಡರೆ ಇಳಿಯುತ್ತೇನೆ. ಕಾಣದಿದ್ದರೆ ಡಬ್ಬದೊಳಗೆ ಹಳೆ ಕೌದಿ ತುರುಕಿ, ಮೇಲ್ಸೇತುವೆ ಮೇಲೆ ನಿಧಾನಕ್ಕೆ ಹೋಗುತ್ತೇನೆ.