ಸೆಮಿನಾರಿಗೆ ಯಾವ್ದು: ವಿಕಿರಣ ಕ್ಷಯನಾ, ನಕ್ಷತ್ರದೊಳಗಿನ ಅಡುಗೆನಾ?

ತಮಾ, ಕಾರವಾರದಿಂದ ಫೋನ್ ಮಾಡಿ ಕೇಳಿದ್ಯಲ್ಲ, ಎರಡರಲ್ಲಿ ಯಾವ್ದು ತಗೊಳ್ಲಿ ಅಂತ. ಟೇಬಲ್ ಮೇಲೆ ಮಾಡಿ ತೋರ್ಸಬೇಕು ಅಂದ್ರೆ ಕ್ಷಯನೇ (ಅಸ್ಥಿರ ಪರಮಾಣು ವಿಕಿರಣ ಸೂಸಿ ಬೇರೆ ಪರಮಾಣು ಆಗೂದು) ಸುಲಭ. 100 ನಾಣ್ಯ ಡಬ್ಬಿಗೆ ಹಾಕಿ ಕುಲುಕಿ ಸುರಿ, ಸಿಂಹದ ತಲೆ ಮೇಲೆ ಬಂದದ್ದೆಲ್ಲ ತೆಗೆದಿಡು, ಉಳಿದದ್ದು ಮತ್ತೆ ಕುಲುಕು, ಸುಮಾರು 50, 25, 12 ಅಂತ ಇಳೀತಾ ಹೋಗ್ತದೆ, ಆದ್ರೆ ಯಾವ ನಾಣ್ಯ ಯಾವಾಗ ಹೋಗ್ತದೆ ಅಂತ ಮೊದ್ಲೇ ಹೇಳೂಕೆ ಆಗೂದಿಲ್ಲ, ಅರ್ಧಾಯು ಅಂದ್ರೆ ಇದೇ ನೋಡು, ಇದ್ದ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯ ಆಗೂಕೆ ಹಿಡಿಯೂ ಕಾಲ. (ಕವಡೆ ತಗೋಬೇಡ, ಅದು ಅರ್ಧಕ್ಕರ್ಧ ಬೀಳೂದಿಲ್ಲ.) ಕಾರ್ಬನ್-14ಕ್ಕೆ ಒಂದು ಕುಲುಕು ಅಂದ್ರೆ ಸುಮಾರು 5,730 ವರ್ಷ. ಹಿತ್ತಲ ಬಾಳೆಹಣ್ಣಲ್ಲಿರೋ ಪೊಟ್ಯಾಸಿಯಂ-40ಕ್ಕೆ 125 ಕೋಟಿ ವರ್ಷ! ಕೈಗಾ ಪಕ್ಕದಲ್ಲೇ ಇದೆ ಅಂತ ಅಣು ವಿದ್ಯುತ್ ಸ್ಥಾವರದ ಕಥೆ ಶುರು ಮಾಡ್ಬೇಡ ಮತ್ತೆ, ಅಲ್ಲಿ ಮುಖ್ಯವಾಗಿ ನಡೆಯೂದು ವಿದಳನ (ನ್ಯೂಟ್ರಾನ್ ಬಡಿದು ಭಾರದ ಪರಮಾಣು ಎರಡಾಗಿ ಸೀಳೂದು), ವಿಷಯ ಬೇರೆ.

ನಕ್ಷತ್ರದೊಳಗೆ ಧಾತು ತಯಾರಾಗೂ ಕಥೆ ಚೆಂದ, ಮಾಡಿ ತೋರ್ಸೂಕೆ ಏನೂ ಇಲ್ಲ. ಸೂರ್ಯನ ಗರ್ಭದಲ್ಲಿ ಸುಮಾರು 1.5 ಕೋಟಿ ಡಿಗ್ರೀಲಿ ಹೈಡ್ರೋಜನ್ ಹೀಲಿಯಂ ಆಗ್ತದೆ, ಹೀಲಿಯಂ ಕಾರ್ಬನ್ ಆಗೂಕೆ 10 ಕೋಟಿ ಬೇಕು, ದೊಡ್ಡ ನಕ್ಷತ್ರದಲ್ಲಿ ಕಬ್ಬಿಣದ ಹತ್ರ ಬಂದ್ರೆ ಮುಗೀತು, ಬೆಸೆದ್ರೂ ಶಕ್ತಿ ಸಿಗೂದಿಲ್ಲ. ಚಿನ್ನದಂಥ ಭಾರದ್ದಕ್ಕೆ ನ್ಯೂಟ್ರಾನ್ ಸುರಿಮಳೆನೇ ಬೇಕು. ಎರಡು ನ್ಯೂಟ್ರಾನ್ ನಕ್ಷತ್ರ (ದೊಡ್ಡ ನಕ್ಷತ್ರ ಸತ್ತ್ಮೇಲೆ ಉಳಿಯೂ ಗಟ್ಟಿ ತಿರುಳು) ಡಿಕ್ಕಿ ಹೊಡೆದದ್ದು 2017ರಲ್ಲಿ ಕಂಡಾಗ ಅಂಥ ಭಾರದ ಧಾತುಗಳ ಗುರುತು ಸಿಕ್ತು.

ಹತ್ತು ನಿಮಿಷ ಅಷ್ಟೇ ಅಂದ್ರೆ ಕ್ಷಯ ತಗೋ. ಕೆಲವು ಸೂಪರ್‌ನೋವಾ (ನಕ್ಷತ್ರದ ಸ್ಫೋಟ) ಸಿಡಿದ್ಮೇಲೂ ಬೆಳಗೂದು 6 ದಿನ ಅರ್ಧಾಯುವಿನ ನಿಕ್ಕೆಲ್-56 ಕ್ಷಯದಿಂದ, ಹಂಗಾಗಿ ಕೊನೇ ಸ್ಲೈಡಲ್ಲಿ ನಕ್ಷತ್ರನೂ ತುರುಕಬಹುದು.